ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಬೆಂಗಳೂರಿನಲ್ಲಿದ್ದು ಅಮೆರಿಕದ ಎಲ್‌ಎಲ್‌ಸಿ ನಡೆಸುವವರಿಗೆ

ಹೊರದೇಶದ ಗ್ರಾಹಕರೊಂದಿಗೆ ವ್ಯವಹರಿಸುವ ಸಣ್ಣ ಉದ್ಯಮಿಗಳು ಈಚೆಗೆ ಬರೆಯುತ್ತಿರುವ ಪತ್ರಗಳಲ್ಲಿ ಎಲ್‌ಎಲ್‌ಸಿ, ಅಂದರೆ ಅಮೆರಿಕದ ಸೀಮಿತ ಹೊಣೆಗಾರಿಕೆಯ ಕಂಪನಿಯನ್ನು ಕುರಿತ ಸಂದೇಹಗಳೇ ಹೆಚ್ಚಾಗಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಇಲ್ಲಿರುವ ಉತ್ತರಗಳು ಭಾರತದಲ್ಲಿ ನೆಲೆಸಿದ, ಅಮೆರಿಕದ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದ ಉದ್ಯಮಿಗಳಿಗೆ ಅನ್ವಯಿಸುತ್ತವೆ.

ಪ್ರಶ್ನೆ: ದಂತವೈದ್ಯರ ಕ್ಲಿನಿಕ್‌ಗಳಿಗೆ ಬೇಕಾದ ತಂತ್ರಾಂಶವೊಂದನ್ನು ಮಾಸಿಕ ಚಂದಾದ ಮೇಲೆ ಒದಗಿಸುತ್ತಿದ್ದೇನೆ. ಗ್ರಾಹಕರು ಬಹುಪಾಲು ಅಮೆರಿಕದವರು. ಅಲ್ಲಿ ಎಲ್‌ಎಲ್‌ಸಿ ತೆರೆದರೆ ಅಲ್ಲಿಯೂ ತೆರಿಗೆ ಇಲ್ಲ, ಇಲ್ಲಿಯೂ ಇಲ್ಲ ಎಂದು ಕಂಪನಿ ತೆರೆದುಕೊಡುವ ಸಂಸ್ಥೆಯವರು ಹೇಳುತ್ತಿದ್ದಾರೆ. ಇದು ನಿಜವೇ?
— ಓದುಗರು, ಎಚ್‌ಎಸ್‌ಆರ್ ಬಡಾವಣೆ

ಉತ್ತರ: ಮೊದಲನೆಯ ಮಾತು ಕೆಲವು ಷರತ್ತುಗಳಿಗೆ ಒಳಪಟ್ಟು ನಿಜ, ಎರಡನೆಯದು ಸುಳ್ಳು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರ ಸಲಹೆಯ ಮೇಲೆ ದಯವಿಟ್ಟು ಹಣ ತೊಡಗಿಸಬೇಡಿ.

ಎಲ್‌ಎಲ್‌ಸಿ ಹುಟ್ಟುವುದು ಅಮೆರಿಕದ ಆಯಾ ರಾಜ್ಯದ ಕಾನೂನಿನಡಿ, ಮತ್ತು ಆ ಕಾನೂನಿನ ದೃಷ್ಟಿಯಲ್ಲಿ ಅದು ಮಾಲೀಕರಿಂದ ಬೇರೆಯಾದ ವ್ಯಕ್ತಿ. ಆದರೆ ಮಾಲೀಕರು ಒಬ್ಬರೇ ಆಗಿದ್ದು ಬೇರೆ ಆಯ್ಕೆಯನ್ನು ತಿಳಿಸದಿದ್ದರೆ, ಅಲ್ಲಿನ ಒಕ್ಕೂಟ ಸರ್ಕಾರದ ಆದಾಯ ತೆರಿಗೆಯ ಮಟ್ಟಿಗೆ ಕಂಪನಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅದರ ಆದಾಯವನ್ನು ನೇರವಾಗಿ ನಿಮ್ಮ ಆದಾಯವೆಂದೇ ಪರಿಗಣಿಸಲಾಗುತ್ತದೆ. ನೀವು ಅಲ್ಲಿನ ನಿವಾಸಿಯಲ್ಲದ ಕಾರಣ, ಆ ಆದಾಯ ಅಮೆರಿಕದೊಳಗೆ ನಡೆಯುವ ವ್ಯಾಪಾರಕ್ಕೆ ಸೇರಿದ್ದೇ ಎಂಬುದೊಂದೇ ಮುಖ್ಯ ಪ್ರಶ್ನೆಯಾಗಿ ಉಳಿಯುತ್ತದೆ. ಸೇವೆಯ ಆದಾಯ ಹುಟ್ಟುವುದು ಕೆಲಸ ನಡೆಯುವ ಸ್ಥಳದಲ್ಲಿ, ಗ್ರಾಹಕರು ಇರುವ ಸ್ಥಳದಲ್ಲಲ್ಲ. ಕ್ಲೌಡ್ ಮೂಲಕ ಒದಗಿಸುವ ತಂತ್ರಾಂಶವನ್ನು ಸೇವೆಯೆಂದೇ ವರ್ಗೀಕರಿಸುವ ಅಂತಿಮ ನಿಯಮಗಳು ಅಮೆರಿಕದಲ್ಲಿ 2025ರ ಜನವರಿಯಲ್ಲಿ ಪ್ರಕಟವಾಗಿವೆ. ನೀವು, ನಿಮ್ಮ ಸಿಬ್ಬಂದಿ ಎಲ್ಲರೂ ಬೆಂಗಳೂರಿನಲ್ಲಿದ್ದು, ಅಮೆರಿಕದಲ್ಲಿ ಕಚೇರಿಯಾಗಲಿ, ನಿಮ್ಮ ಪರವಾಗಿ ಒಪ್ಪಂದ ಕುದುರಿಸುವ ಪ್ರತಿನಿಧಿಯಾಗಲಿ ಇಲ್ಲದಿದ್ದರೆ ಅಲ್ಲಿ ಆದಾಯ ತೆರಿಗೆ ಬೀಳದಿರುವ ಸಾಧ್ಯತೆಯೇ ಹೆಚ್ಚು. ಅಲ್ಲಿ ಒಬ್ಬ ಮಾರಾಟ ಅಧಿಕಾರಿಯನ್ನು ನೇಮಿಸಿಕೊಂಡ ದಿನದಿಂದ ಈ ಉತ್ತರ ಬದಲಾಗುತ್ತದೆ.

ಇನ್ನು ಭಾರತದ ವಿಚಾರ. ಇಲ್ಲಿನ ನಿವಾಸಿಯಾದ ನಿಮಗೆ ಜಗತ್ತಿನ ಯಾವ ಮೂಲೆಯಿಂದ ಬಂದ ಆದಾಯದ ಮೇಲೂ ಇಲ್ಲಿ ತೆರಿಗೆಯಿದೆ. ಲಾಭವನ್ನು ಕಂಪನಿಯಲ್ಲೇ ಉಳಿಸಿಕೊಂಡರೆ ತೆರಿಗೆ ಬೀಳದು ಎನ್ನುವವರು ಕೇಂದ್ರ ನೇರ ತೆರಿಗೆ ಮಂಡಳಿಯ 2017ರ ಸುತ್ತೋಲೆಯನ್ನು ಮುಂದಿಡುತ್ತಾರೆ. ವಿದೇಶಿ ಕಂಪನಿಯ ಆಡಳಿತ ವಾಸ್ತವದಲ್ಲಿ ಭಾರತದಿಂದಲೇ ನಡೆಯುತ್ತಿದ್ದರೆ ಅದನ್ನು ಇಲ್ಲಿನ ನಿವಾಸಿ ಕಂಪನಿಯೆಂದು ಪರಿಗಣಿಸುವ ನಿಯಮವು, ವರ್ಷಕ್ಕೆ 50 ಕೋಟಿ ರೂಪಾಯಿಗಿಂತ ಹೆಚ್ಚಿನ ವಹಿವಾಟಿಲ್ಲದ ಕಂಪನಿಗಳಿಗೆ ಅನ್ವಯಿಸುವುದಿಲ್ಲವೆಂದು ಆ ಸುತ್ತೋಲೆ ಹೇಳಿರುವುದು ನಿಜ. ಆದರೆ ಅದು ನಿವಾಸದ ಪ್ರಶ್ನೆಯನ್ನಷ್ಟೇ ಬಗೆಹರಿಸುತ್ತದೆ. ಕೆಲಸವೆಲ್ಲ ಬೆಂಗಳೂರಿನ ಒಂದು ಕೋಣೆಯಲ್ಲಿ ನಡೆಯುವಾಗ ಆ ಎಲ್‌ಎಲ್‌ಸಿಗೆ ಭಾರತದಲ್ಲಿ ವ್ಯವಹಾರ ಸಂಬಂಧವೂ ಕಾಯಂ ನೆಲೆಯೂ ಇದೆಯೆಂದು ಆದಾಯ ತೆರಿಗೆ ಇಲಾಖೆ ಹೇಳಬಹುದು. ಹಾಗಾದಲ್ಲಿ ಇಲ್ಲಿಗೆ ಸೇರಿದ ಲಾಭಕ್ಕೆ ವಿದೇಶಿ ಕಂಪನಿಗಳ ದರದಲ್ಲಿ, ಅಂದರೆ ಶೇ 35ರಷ್ಟು ತೆರಿಗೆ, ಅದರ ಮೇಲೆ ಸೆಸ್ ಮತ್ತು ಅನ್ವಯಿಸಿದರೆ ಸರ್ಚಾರ್ಜ್ ಬೀಳುತ್ತದೆ. ಇದು ನಿಮ್ಮ ವೈಯಕ್ತಿಕ ತೆರಿಗೆಯ ಯಾವ ಹಂತಕ್ಕಿಂತಲೂ ಹೆಚ್ಚಿನ ದರ.

ಆದ್ದರಿಂದ ಅನುಭವಿ ಲೆಕ್ಕಪರಿಶೋಧಕರು ಸೂಚಿಸುವ ದಾರಿ ಬೇರೆ. ಕೆಲಸವನ್ನು ಇಲ್ಲಿನ ನಿಮ್ಮ ಸಂಸ್ಥೆ ಮಾಡಬೇಕು, ಲಿಖಿತ ಒಪ್ಪಂದದ ಮೇಲೆ ಎಲ್‌ಎಲ್‌ಸಿಗೆ ಬಿಲ್ ಕಳಿಸಬೇಕು, ಅಪರಿಚಿತರಾದ ಇಬ್ಬರ ನಡುವೆ ಕುದುರಬಹುದಾದ ಬೆಲೆಯನ್ನೇ ಆ ಬಿಲ್ಲಿನಲ್ಲಿ ನಮೂದಿಸಬೇಕು. ಹೀಗೆ ಮಾಡಿದಾಗ ಲಾಭದ ಬಹುಭಾಗ ಇಲ್ಲಿಗೆ ಬಂದು ಇಲ್ಲಿಯೇ ತೆರಿಗೆಗೆ ಒಳಪಡುತ್ತದೆ. ಸಂಬಂಧಿತ ಸಂಸ್ಥೆಗಳ ನಡುವಿನ ಇಂಥ ಅಂತರರಾಷ್ಟ್ರೀಯ ವ್ಯವಹಾರಕ್ಕೆ, ಮೊತ್ತ ಎಷ್ಟೇ ಚಿಕ್ಕದಾಗಿರಲಿ, ವರ್ಗಾವಣೆ ಬೆಲೆಯ ಬಗ್ಗೆ ಲೆಕ್ಕಪರಿಶೋಧಕರ ವರದಿ ಬೇಕಾಗುತ್ತದೆ ಎಂಬುದನ್ನು ಖರ್ಚಿನ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ. ಜಿಎಸ್‌ಟಿ ನೋಂದಣಿ ಇದ್ದರೆ ಪ್ರತಿ ಹಣಕಾಸು ವರ್ಷವೂ ಮುಚ್ಚಳಿಕೆ ಪತ್ರ ಸಲ್ಲಿಸಿ ಸೇವಾ ರಫ್ತನ್ನು ಶೂನ್ಯ ದರದಲ್ಲಿ ತೋರಿಸಬಹುದು.

ಇನ್ನೊಂದು ಮಾತನ್ನು ನೇರವಾಗಿಯೇ ಹೇಳಬೇಕು. ಎಲ್‌ಎಲ್‌ಸಿಯ ನಿಜವಾದ ಉಪಯೋಗ ತೆರಿಗೆಯಲ್ಲಿಲ್ಲ. ಕಾರ್ಡ್ ಮೂಲಕ ಮಾಸಿಕ ಚಂದಾವನ್ನು ಅಡೆತಡೆಯಿಲ್ಲದೆ ಪಡೆಯುವುದರಲ್ಲಿ ಮತ್ತು ವಿದೇಶಿ ಪೂರೈಕೆದಾರರನ್ನು ನೋಂದಾಯಿಸಿಕೊಳ್ಳಲು ಹಿಂಜರಿಯುವ ಗ್ರಾಹಕ ಕಂಪನಿಗಳೊಂದಿಗೆ ಸುಲಭವಾಗಿ ಒಪ್ಪಂದ ಮಾಡಿಕೊಳ್ಳುವುದರಲ್ಲಿದೆ. ನಿಮ್ಮಂತೆ ನೂರಾರು ಕ್ಲಿನಿಕ್‌ಗಳಿಂದ ಸಣ್ಣ ಮೊತ್ತಗಳನ್ನು ಪಡೆಯುವವರಿಗೆ ಅದರಿಂದ ಪ್ರಯೋಜನವಿದೆ. ನಾಲ್ಕೈದು ಗ್ರಾಹಕರಿಂದ ಬ್ಯಾಂಕ್ ವರ್ಗಾವಣೆಯಲ್ಲಿ ಹಣ ಪಡೆಯುವ ಸ್ವತಂತ್ರ ವೃತ್ತಿಪರರಿಗೆ ಅದು ಅನಗತ್ಯ ಹೊರೆ.

ಪ್ರಶ್ನೆ: ಎಲ್‌ಎಲ್‌ಸಿ ತೆರೆಯಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಕೇ? ಶುಲ್ಕವನ್ನೂ ಬಂಡವಾಳವನ್ನೂ ಕ್ರೆಡಿಟ್ ಕಾರ್ಡ್‌ನಲ್ಲೇ ಕಟ್ಟಬಹುದೆಂದು ಗೆಳೆಯರು ಹೇಳುತ್ತಾರೆ.
— ಓದುಗರು, ಜಯನಗರ

ಉತ್ತರ: ಪೂರ್ವಾನುಮತಿ ಬೇಡ, ಆದರೆ ಕ್ರಮವನ್ನು ತಪ್ಪಿಸುವಂತಿಲ್ಲ. ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚಿನವರ ತೊಂದರೆ ಶುರುವಾಗಿರುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಷೇರುಪೇಟೆಯಲ್ಲಿ ಪಟ್ಟಿಯಾಗದ ವಿದೇಶಿ ಕಂಪನಿಯಲ್ಲಿ ಎಷ್ಟೇ ಚಿಕ್ಕ ಪಾಲು ಪಡೆದರೂ ಅದು ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿ ಸಾಗರೋತ್ತರ ನೇರ ಹೂಡಿಕೆ ಎನಿಸುತ್ತದೆ. 2022ರ ಆಗಸ್ಟ್ 22ರಂದು ಪ್ರಕಟವಾದ ಸಾಗರೋತ್ತರ ಹೂಡಿಕೆ ನಿಯಮಗಳು ನಿವಾಸಿ ವ್ಯಕ್ತಿಗಳಿಗೆ ಇದಕ್ಕೆ ಅವಕಾಶ ಕೊಟ್ಟಿವೆ. ಕಂಪನಿ ನಿಜವಾದ ವ್ಯವಹಾರ ನಡೆಸುವಂಥದ್ದಾಗಿರಬೇಕು. ಹಣಕಾಸು ಸೇವೆಯಲ್ಲಾಗಲಿ, ಜಮೀನು ಕಟ್ಟಡಗಳ ಕೊಡುಕೊಳ್ಳುವಿಕೆಯಲ್ಲಾಗಲಿ ಅದು ತೊಡಗಿರಬಾರದು. ಮತ್ತು ಅದರ ಹಿಡಿತ ನಿಮ್ಮ ಕೈಯಲ್ಲಿದ್ದರೆ ಅದಕ್ಕೆ ಮತ್ತೊಂದು ಅಂಗಸಂಸ್ಥೆ ಇರಕೂಡದು. ವ್ಯಕ್ತಿಯಾಗಿ ನೀವು ಬಂಡವಾಳವನ್ನು ಹೂಡಬಹುದೇ ಹೊರತು ಕಂಪನಿಗೆ ಸಾಲವೆಂದು ಹಣ ಕಳಿಸುವಂತಿಲ್ಲ.

ಹಣ ಹೋಗಬೇಕಾದ ದಾರಿ ಉದಾರೀಕೃತ ಹಣ ರವಾನೆ ಯೋಜನೆ. ಒಂದು ಹಣಕಾಸು ವರ್ಷಕ್ಕೆ ಒಬ್ಬರಿಗೆ 2,50,000 ಡಾಲರ್ ಮಿತಿ ಇದೆ. ನಿಮ್ಮ ಬ್ಯಾಂಕಿಗೆ ನಮೂನೆ ಎಫ್‌ಸಿ ಸಲ್ಲಿಸಿದ ಮೇಲೆ, ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕ್ ನಿಮ್ಮ ಹೂಡಿಕೆಗೆ ಯುಐಎನ್ ಎಂಬ ವಿಶಿಷ್ಟ ಸಂಖ್ಯೆಯನ್ನು ನೀಡುತ್ತದೆ. ಮೊದಲು ಆ ಸಂಖ್ಯೆ, ಅನಂತರ ಹಣ. ಕಾರ್ಡ್‌ನಲ್ಲಿ ಏಜೆಂಟರ ಶುಲ್ಕ ಕಟ್ಟಿದ ಮಾತ್ರಕ್ಕೆ ಈ ಕ್ರಮ ಪೂರೈಸಿದಂತಾಗುವುದಿಲ್ಲ, ಮತ್ತು ಕಾರ್ಡು ಬಂಡವಾಳ ಹೂಡುವ ದಾರಿಯೂ ಅಲ್ಲ. ವರ್ಷದಲ್ಲಿ ಒಟ್ಟು ರವಾನೆ 10 ಲಕ್ಷ ರೂಪಾಯಿ ಮೀರಿದರೆ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇ 20ರಷ್ಟು ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆಯನ್ನು ವಸೂಲು ಮಾಡುತ್ತದೆ. ಅದನ್ನು ನಿಮ್ಮ ಆದಾಯ ತೆರಿಗೆಗೆ ಹೊಂದಿಸಿಕೊಳ್ಳಬಹುದು.

ಹೂಡಿಕೆಯ ದಾಖಲೆಯನ್ನು ಆರು ತಿಂಗಳೊಳಗೆ ಬ್ಯಾಂಕಿಗೆ ಕೊಡಬೇಕು. ಅನಂತರ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ವಾರ್ಷಿಕ ಕಾರ್ಯನಿರ್ವಹಣಾ ವರದಿ ಸಲ್ಲಿಸಬೇಕು. ಬಹಳ ಮಂದಿಯ ಗಮನಕ್ಕೆ ಬಾರದ ಅಂಶವೊಂದು ಇಲ್ಲಿದೆ. ಅಮೆರಿಕದ ರಾಜ್ಯಗಳು ಸಣ್ಣ ಎಲ್‌ಎಲ್‌ಸಿಯಿಂದ ಲೆಕ್ಕಪರಿಶೋಧನೆ ಕೇಳುವುದಿಲ್ಲ. ಆದರೆ ಕಂಪನಿಯ ಹಿಡಿತ ನಿಮ್ಮದೇ ಆಗಿದ್ದರೆ, ನಮ್ಮ ನಿಯಮದ ಪ್ರಕಾರ ಈ ವಾರ್ಷಿಕ ವರದಿಗೆ ಪರಿಶೋಧಿತ ಲೆಕ್ಕಪತ್ರಗಳೇ ಆಧಾರವಾಗಬೇಕು. ಪರಿಶೋಧನೆ ಇಲ್ಲದ ಲೆಕ್ಕಕ್ಕೆ ರಿಯಾಯಿತಿ ಇರುವುದು ಹಿಡಿತವಿಲ್ಲದ ಹೂಡಿಕೆದಾರರಿಗೆ.

ನೃಪತುಂಗ ರಸ್ತೆಯಲ್ಲಿರುವ ರಿಸರ್ವ್ ಬ್ಯಾಂಕ್ ಕಚೇರಿಗೆ ನೀವೇ ಹೋಗಬೇಕಾದ ಅಗತ್ಯವಿಲ್ಲ. ಆದರೆ ಬಡಾವಣೆಯ ಶಾಖೆಗಳಲ್ಲಿ ಈ ನಮೂನೆಯನ್ನು ಕಂಡಿರುವ ಸಿಬ್ಬಂದಿ ವಿರಳ. ವಿದೇಶಿ ವಿನಿಮಯ ವಿಭಾಗವಿರುವ ಶಾಖೆಯನ್ನು ಕೇಳಿ ತಿಳಿದು, ಎಲ್‌ಎಲ್‌ಸಿಯ ಸದಸ್ಯತ್ವದ ಪಾಲನ್ನು ಷೇರು ಬಂಡವಾಳಕ್ಕೆ ಸಮವಾಗಿ ಅವರು ಒಪ್ಪುತ್ತಾರೆಯೇ, ಅದಕ್ಕೆ ಯಾವ ದಾಖಲೆ ಕೇಳುತ್ತಾರೆ ಎಂಬುದನ್ನು ಕಂಪನಿ ತೆರೆಯುವ ಮುನ್ನವೇ ಲಿಖಿತವಾಗಿ ಕೇಳಿಕೊಳ್ಳಿ. ಈ ಒಂದು ಭೇಟಿಯನ್ನು ಮೊದಲೇ ಮುಗಿಸಿದವರಿಗೆ ಮುಂದಿನ ಹಾದಿ ಬಹಳ ಸುಗಮವಾಗುತ್ತದೆ.

ಪ್ರಶ್ನೆ: ಹಿಂದಿನ ವರ್ಷ ವ್ಯೋಮಿಂಗ್‌ನಲ್ಲಿ ಎಲ್‌ಎಲ್‌ಸಿ ತೆರೆದೆ. ಶುಲ್ಕ ಕಟ್ಟಿದ್ದು ಸ್ವಂತ ಕಾರ್ಡ್‌ನಿಂದ. ಒಂದು ಡಾಲರ್ ಆದಾಯವೂ ಬಂದಿಲ್ಲ. ಆದಾಯವಿಲ್ಲದಿದ್ದಾಗ ರಿಟರ್ನ್ ಸಲ್ಲಿಸಬೇಕಾಗಿಲ್ಲ ಅಲ್ಲವೇ?
— ಓದುಗರು, ರಾಜಾಜಿನಗರ

ಉತ್ತರ: ಸಲ್ಲಿಸಬೇಕು, ಮತ್ತು ಇದರಲ್ಲಿ ತಡಮಾಡಬೇಡಿ. ವಿದೇಶಿಯರೊಬ್ಬರೇ ಮಾಲೀಕರಾಗಿರುವ ಎಲ್‌ಎಲ್‌ಸಿಗಳು 2017ರಿಂದ ಆರಂಭವಾದ ತೆರಿಗೆ ವರ್ಷಗಳಿಗೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ನಮೂನೆ 5472 ಅನ್ನು, ಹೆಸರು ವಿಳಾಸಗಳಷ್ಟನ್ನೇ ತುಂಬಿದ ನಮೂನೆ 1120ರೊಂದಿಗೆ ಸಲ್ಲಿಸಬೇಕು. ಅದರಲ್ಲಿ ತೋರಿಸಬೇಕಾದುದು ಆದಾಯವನ್ನಲ್ಲ, ಮಾಲೀಕರಿಗೂ ಕಂಪನಿಗೂ ನಡುವೆ ನಡೆದ ವ್ಯವಹಾರವನ್ನು. ನೀವು ಹೂಡಿದ ಬಂಡವಾಳ, ಹಿಂತೆಗೆದುಕೊಂಡ ಹಣ, ಕಂಪನಿ ಸ್ಥಾಪಿಸಲು ನಿಮ್ಮ ಜೇಬಿನಿಂದ ಕಟ್ಟಿದ ಶುಲ್ಕ, ಇವೆಲ್ಲ ಅಂಥ ವ್ಯವಹಾರಗಳೇ. ಹಾಗಾಗಿ ಮೊದಲ ವರ್ಷದಲ್ಲಿ ಈ ನಮೂನೆಯಿಂದ ತಪ್ಪಿಸಿಕೊಳ್ಳುವವರು ಇಲ್ಲವೆಂದೇ ಹೇಳಬಹುದು. ಸಲ್ಲಿಸದಿದ್ದರೆ ದಂಡ 25,000 ಡಾಲರ್. ಐಆರ್‌ಎಸ್ ಸೂಚನೆ ಕೊಟ್ಟು 90 ದಿನ ಕಳೆದ ಮೇಲೂ ಸಲ್ಲಿಸದಿದ್ದರೆ ಮುಂದಿನ ಪ್ರತಿ 30 ದಿನಕ್ಕೆ ಮತ್ತೆ 25,000 ಡಾಲರ್. ತೆರಿಗೆ ಒಂದು ಪೈಸೆಯೂ ಬಾಕಿ ಇಲ್ಲದ ಕಂಪನಿಗೆ ಇಷ್ಟು ದೊಡ್ಡ ದಂಡ ಬೀಳಬಹುದೆಂಬುದನ್ನು ಕಂಪನಿ ತೆರೆದುಕೊಡುವವರು ಮೊದಲ ದಿನವೇ ಹೇಳಬೇಕಿತ್ತು.

ಕ್ಯಾಲೆಂಡರ್ ವರ್ಷವನ್ನು ಅನುಸರಿಸುವ ಕಂಪನಿಗೆ ಗಡುವು ಏಪ್ರಿಲ್ 15. ಅದರೊಳಗೆ ನಮೂನೆ 7004 ಕಳಿಸಿದರೆ ಅಕ್ಟೋಬರ್ 15ರವರೆಗೆ ಕಾಲಾವಕಾಶ ಸಿಗುತ್ತದೆ. ಇದನ್ನು ಆನ್‌ಲೈನ್‌ನಲ್ಲಿ ಸಲ್ಲಿಸಲಾಗದು. ಯೂಟಾ ರಾಜ್ಯದ ಆಗ್ಡನ್‌ನಲ್ಲಿರುವ ಐಆರ್‌ಎಸ್ ಕೇಂದ್ರಕ್ಕೆ ಫ್ಯಾಕ್ಸ್ ಅಥವಾ ಅಂಚೆಯ ಮೂಲಕವೇ ಕಳಿಸಬೇಕು. ಫ್ಯಾಕ್ಸ್ ತಲುಪಿದ ದೃಢೀಕರಣದ ಪುಟವನ್ನು ಜೋಪಾನವಾಗಿಡಿ, ಏಕೆಂದರೆ ಸಲ್ಲಿಸಿದ್ದಕ್ಕೆ ನಿಮ್ಮ ಬಳಿ ಉಳಿಯುವ ಪುರಾವೆ ಅದೊಂದೇ. ಗಡುವು ಈಗಾಗಲೇ ಮೀರಿದ್ದರೆ ಐಆರ್‌ಎಸ್‌ನಿಂದ ಪತ್ರ ಬರುವವರೆಗೆ ಕಾಯದೆ, ವಿಳಂಬದ ಕಾರಣವನ್ನು ಸತ್ಯವಾಗಿ ವಿವರಿಸುವ ಹೇಳಿಕೆಯನ್ನು ಲಗತ್ತಿಸಿ ಸಲ್ಲಿಸಿ. ದಂಡ ಮನ್ನಾ ಆಗಿಯೇ ಆಗುತ್ತದೆಂಬ ಭರವಸೆ ಇಲ್ಲ. ಆದರೂ ತಾನಾಗಿ ಮುಂದೆ ಬಂದವರ ವಾದಕ್ಕೆ ಬಲ ಹೆಚ್ಚು.

ಇಲ್ಲಿನ ಕೆಲಸವೂ ಎರಡಿದೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಷೆಡ್ಯೂಲ್ ಎಫ್‌ಎ ತುಂಬಬೇಕು. ಇದು ಐಟಿಆರ್-1ರಲ್ಲಾಗಲಿ ಐಟಿಆರ್-4ರಲ್ಲಾಗಲಿ ಇಲ್ಲ. 2 ಅಥವಾ 3ನ್ನು ಬಳಸಬೇಕು. ಆದಾಯವನ್ನು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಲೆಕ್ಕ ಹಾಕುವ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯನ್ನು ಮಾತ್ರ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕದಲ್ಲಿ ಕೇಳುತ್ತಾರೆ, ಮತ್ತು ಸಹಿ ಹಾಕುವ ಅಧಿಕಾರವಷ್ಟೇ ಇರುವ ಬ್ಯಾಂಕ್ ಖಾತೆಯನ್ನೂ ತೋರಿಸಬೇಕು. ಮರೆಮಾಚಿದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡವಿದೆ. ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿಯ ಒಟ್ಟು ಮೌಲ್ಯ 20 ಲಕ್ಷ ರೂಪಾಯಿ ಮೀರದವರಿಗೆ 2024ರ ಅಕ್ಟೋಬರ್ 1ರಿಂದ ಈ ದಂಡದಿಂದ ವಿನಾಯಿತಿ ಸಿಕ್ಕಿದೆಯಾದರೂ ತೋರಿಸುವ ಕರ್ತವ್ಯ ತಪ್ಪಿಲ್ಲ. ಎರಡನೆಯದು ಫೆಮಾ. ಬರಿಯ ವರದಿ ತಡವಾಗಿದ್ದರೆ ವಿಳಂಬ ಶುಲ್ಕ ಕಟ್ಟಿ ಸರಿಪಡಿಸಬಹುದು. ನಿಯಮದ ಉಲ್ಲಂಘನೆಯೇ ಆಗಿದ್ದರೆ ತಪ್ಪನ್ನು ಒಪ್ಪಿ ಹಣ ಕಟ್ಟಿ ಇತ್ಯರ್ಥಪಡಿಸಿಕೊಳ್ಳುವ ಕಾಂಪೌಂಡಿಂಗ್ ಅರ್ಜಿಯನ್ನು ರಿಸರ್ವ್ ಬ್ಯಾಂಕಿನ ಮುಂದೆ ಹಾಕಬೇಕಾಗುತ್ತದೆ. ಅದು ಇತ್ಯರ್ಥವಾಗುವವರೆಗೆ ಆ ಕಂಪನಿಗೆ ಹೊಸದಾಗಿ ಹಣ ಕಳಿಸಬೇಡಿ.

ಪ್ರಶ್ನೆ: ಡೆಲವೇರ್ ಒಳ್ಳೆಯದೋ ವ್ಯೋಮಿಂಗ್ ಒಳ್ಳೆಯದೋ? ಕಂಪನಿಯ ತೆರಿಗೆ ಗುರುತಾದ ಇಐಎನ್ ಸಂಖ್ಯೆಗೆ ಏಜೆಂಟರು ದೊಡ್ಡ ಮೊತ್ತ ಕೇಳುತ್ತಿದ್ದಾರೆ.
— ಓದುಗರು, ಯಲಹಂಕ

ಉತ್ತರ: ಒಬ್ಬರೇ ನಡೆಸುವ ಸಣ್ಣ ಉದ್ಯಮಕ್ಕೆ ವ್ಯೋಮಿಂಗ್ ಸಾಕು. ಅಲ್ಲಿ ವಾರ್ಷಿಕ ವರದಿಯ ಕನಿಷ್ಠ ಶುಲ್ಕ 60 ಡಾಲರ್. ಡೆಲವೇರ್‌ನಲ್ಲಿ ಪ್ರತಿ ವರ್ಷ ಜೂನ್ 1ರೊಳಗೆ 300 ಡಾಲರ್ ಕಟ್ಟಬೇಕು. ಎರಡೂ ಕಡೆ ಆ ರಾಜ್ಯದಲ್ಲಿ ವಿಳಾಸವಿದ್ದು ಕಂಪನಿಯ ಪರವಾಗಿ ಅಧಿಕೃತ ಪತ್ರಗಳನ್ನು ಪಡೆಯುವ ರಿಜಿಸ್ಟರ್ಡ್ ಏಜೆಂಟ್ ಕಡ್ಡಾಯ. ಮುಂದೆ ಹೂಡಿಕೆದಾರರಿಂದ ಬಂಡವಾಳ ಎತ್ತುವ ಯೋಜನೆ ಇರುವವರಿಗೆ ಡೆಲವೇರ್ ಸೂಕ್ತ, ಆದರೆ ಅಂಥವರಿಗೆ ಬೇಕಾದುದು ಎಲ್‌ಎಲ್‌ಸಿಗಿಂತ ಕಾರ್ಪೊರೇಷನ್. ಇಐಎನ್‌ಗೆ ಐಆರ್‌ಎಸ್ ಶುಲ್ಕ ಪಡೆಯುವುದಿಲ್ಲ. ಅಮೆರಿಕದ ಸಾಮಾಜಿಕ ಭದ್ರತಾ ಸಂಖ್ಯೆ ಇಲ್ಲದವರು ಆನ್‌ಲೈನ್ ಬದಲು ನಮೂನೆ ಎಸ್‌ಎಸ್-4 ಅನ್ನು ಫ್ಯಾಕ್ಸ್ ಮಾಡಬಹುದು. ವಾರಗಟ್ಟಲೆ ಕಾಯುವ ತಾಳ್ಮೆಯಿದ್ದರೆ ಇದಕ್ಕೆ ಏಜೆಂಟರ ಅಗತ್ಯವಿಲ್ಲ. ಅಮೆರಿಕದ ಗ್ರಾಹಕರು ತೆರಿಗೆ ನಮೂನೆ ಕೇಳಿದಾಗ ಡಬ್ಲ್ಯು-9 ಕೊಡಬೇಡಿ, ಅದು ಅಲ್ಲಿನವರಿಗೆ. ನೀವು ಕೊಡಬೇಕಾದುದು ನಿಮ್ಮ ಸ್ವಂತ ಹೆಸರಿನ ಡಬ್ಲ್ಯು-8ಬೆನ್.

ಪ್ರಶ್ನೆ: ನಮ್ಮ ಕುಟುಂಬ ಚನ್ನಪಟ್ಟಣದ ಆಟಿಕೆಗಳನ್ನು ಮಾರುತ್ತದೆ. ಎಲ್‌ಎಲ್‌ಸಿ ತೆರೆದು, ಅಮೆರಿಕದ ಗೋದಾಮಿನಲ್ಲಿ ಸರಕು ಇರಿಸಿ ಅಮೆಜಾನ್ ಮೂಲಕ ಮಾರಬೇಕೆಂದಿದ್ದೇವೆ.
— ಓದುಗರು, ಕೆಂಗೇರಿ

ಉತ್ತರ: ಭೌಗೋಳಿಕ ಗುರುತು ಪಡೆದ ನಮ್ಮ ನಾಡಿನ ಕಸುಬೊಂದನ್ನು ಹೊರದೇಶಕ್ಕೆ ಕೊಂಡೊಯ್ಯಲು ಹೊರಟಿದ್ದೀರಿ, ನಮಗೆ ನಿಜಕ್ಕೂ ಸಂತೋಷ. ಆದರೆ ತಂತ್ರಾಂಶದವರಿಗೆ ಹೇಳಿದ ತೆರಿಗೆಯ ಮಾತು ನಿಮಗೆ ಅನ್ವಯಿಸದು. ಸರಕು ಅಮೆರಿಕದ ನೆಲದಲ್ಲಿದ್ದು ಅಲ್ಲಿಯೇ ಖರೀದಿದಾರರ ಕೈಸೇರುವಾಗ ಮಾರಾಟದ ಆದಾಯ ಅಲ್ಲಿನದೇ ಆಗುವ ಸಂಭವ ಹೆಚ್ಚು. ಭಾರತ ಮತ್ತು ಅಮೆರಿಕದ ನಡುವಿನ 1989ರ ತೆರಿಗೆ ಒಪ್ಪಂದ ಸರಕಿನ ಸಂಗ್ರಹ, ಪ್ರದರ್ಶನ ಮತ್ತು ಅಪರೂಪದ ವಿತರಣೆಗೆ ಮಾತ್ರ ವಿನಾಯಿತಿ ಕೊಡುತ್ತದೆ; ದಿನವೂ ಗೋದಾಮಿನಿಂದ ಪೊಟ್ಟಣ ಹೊರಡುವ ವ್ಯಾಪಾರವನ್ನು ಅದರಡಿ ಸೇರಿಸುವುದು ಕಷ್ಟ. ಆದ್ದರಿಂದ ಅಲ್ಲಿ ಅನಿವಾಸಿಗಳ ರಿಟರ್ನ್ ಆದ ನಮೂನೆ 1040-ಎನ್‌ಆರ್ ಸಲ್ಲಿಸಿ ತೆರಿಗೆ ಕಟ್ಟುವ, ಆ ತೆರಿಗೆಗೆ ಇಲ್ಲಿ ರಿಯಾಯಿತಿ ಕೇಳುವ ಸಿದ್ಧತೆಯೊಂದಿಗೆ ಬೆಲೆ ನಿಗದಿ ಮಾಡಿ. ರಾಜ್ಯಗಳ ಮಾರಾಟ ತೆರಿಗೆಯನ್ನು ಅಮೆಜಾನ್‌ನಂಥ ಮಾರುಕಟ್ಟೆಗಳು ತಾವೇ ವಸೂಲು ಮಾಡಿ ಕಟ್ಟುತ್ತವೆ. ನಿಮ್ಮದೇ ಜಾಲತಾಣದಿಂದ ಮಾರಿದರೆ, ಸರಕು ಇರಿಸಿದ ರಾಜ್ಯದಲ್ಲಿ ಆ ಹೊಣೆ ನಿಮ್ಮದು.

ತೆರಿಗೆಗಿಂತ ಮೊದಲು ನೀವು ನೋಡಬೇಕಾದುದು ಸುರಕ್ಷತೆಯ ಕಾನೂನನ್ನು. ಅಮೆರಿಕದಲ್ಲಿ 12 ವರ್ಷದವರೆಗಿನ ಮಕ್ಕಳಿಗಾಗಿ ಮಾರುವ ವಸ್ತುಗಳನ್ನು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಹೊಂದಿರಬೇಕು. ಅರಗು ಮತ್ತು ಸಸ್ಯಮೂಲದ ಬಣ್ಣ ಬಳಸಿದ್ದೇವೆಂಬ ಮಾತು ಪರೀಕ್ಷೆಗೆ ಬದಲಿಯಾಗದು. ಚಿಕ್ಕ ಮಕ್ಕಳ ಗಂಟಲಿಗೆ ಸಿಲುಕಬಹುದಾದ ಸಣ್ಣ ಭಾಗಗಳ ಪರೀಕ್ಷೆಯೂ ಇದೆ. 800 ಡಾಲರ್‌ವರೆಗಿನ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಅಮಾನತಿನಲ್ಲಿ ಇರಿಸಿರುವುದರಿಂದ ಇಲ್ಲಿಂದ ಬಿಡಿಬಿಡಿಯಾಗಿ ಕಳಿಸುವ ದಾರಿಯೂ ಮೊದಲಿನಷ್ಟು ಅಗ್ಗವಲ್ಲ. ಮೊದಲು ಕೆಲವೇ ಬಗೆಯ ಆಟಿಕೆಗಳನ್ನು ಪರೀಕ್ಷೆಗೆ ಒಳಪಡಿಸಿ, ಅಲ್ಲಿನ ಸಗಟು ಖರೀದಿದಾರರೊಬ್ಬರಿಗೆ ಇಲ್ಲಿಂದಲೇ ರಫ್ತು ಮಾಡಿ ನೋಡಿ. ಎಲ್‌ಎಲ್‌ಸಿಯ ಯೋಚನೆ ಅನಂತರ ಮಾಡಿದರೆ ನಷ್ಟವಿಲ್ಲ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ, ಗ್ರೀನ್ ಕಾರ್ಡ್ ಹೊಂದಿದ ಭಾವನವರ ಜೊತೆ ಸಮಪಾಲಿನಲ್ಲಿ ಎಲ್‌ಎಲ್‌ಸಿ ತೆರೆಯಬೇಕೆಂದಿದ್ದೇನೆ. ಅವರು ಅಲ್ಲಿ ಮಾರಾಟ ನೋಡಿಕೊಳ್ಳುತ್ತಾರೆ.
— ಓದುಗರು, ಮಲ್ಲೇಶ್ವರ

ಉತ್ತರ: ಸದಸ್ಯರು ಇಬ್ಬರಾದೊಡನೆ ಅದು ತೆರಿಗೆಯ ಮಟ್ಟಿಗೆ ಪಾಲುದಾರಿಕೆ. ಮಾರ್ಚ್ 15ರೊಳಗೆ ನಮೂನೆ 1065 ಸಲ್ಲಿಸಬೇಕು. ತಡವಾದರೆ ಪ್ರತಿ ಪಾಲುದಾರರ ಲೆಕ್ಕದಲ್ಲಿ ಪ್ರತಿ ತಿಂಗಳೂ ದಂಡ ಬೆಳೆಯುತ್ತದೆ. ಭಾವನವರು ಅಲ್ಲಿದ್ದು ವ್ಯಾಪಾರ ನಡೆಸುವುದರಿಂದ ಅದು ಅಮೆರಿಕದೊಳಗಿನ ವ್ಯಾಪಾರವೇ ಆಗಿ, ಅದಕ್ಕೆ ಸೇರಿದ ಲಾಭದಲ್ಲಿ ನಿಮ್ಮ ಪಾಲಿಗೂ ಅಲ್ಲಿ ತೆರಿಗೆ ಬೀಳುತ್ತದೆ. ನಿಮ್ಮ ಪಾಲಿನಿಂದ ಎಲ್‌ಎಲ್‌ಸಿಯೇ ಗರಿಷ್ಠ ದರದಲ್ಲಿ, ಅಂದರೆ ಶೇ 37ರಷ್ಟು ಮುರಿದುಕೊಂಡು ಕಟ್ಟಬೇಕು. ನೀವು ಐಟಿಐಎನ್, ಅಂದರೆ ವ್ಯಕ್ತಿಗಳಿಗೆ ಐಆರ್‌ಎಸ್ ನೀಡುವ ತೆರಿಗೆ ಸಂಖ್ಯೆ ಪಡೆದು ರಿಟರ್ನ್ ಸಲ್ಲಿಸಿ ಹೆಚ್ಚುವರಿಯನ್ನು ಮರಳಿ ಪಡೆಯಬೇಕು. ನಮೂನೆ 8832 ಸಲ್ಲಿಸಿ ಕಾರ್ಪೊರೇಷನ್‌ನಂತೆ ತೆರಿಗೆ ಕಟ್ಟುವ ಆಯ್ಕೆಯೂ ಇದೆ. ಆಗ ಲಾಭಕ್ಕೆ ಶೇ 21ರ ತೆರಿಗೆ, ಜೊತೆಗೆ ನಿಮಗೆ ಕೊಡುವ ಲಾಭಾಂಶದಿಂದ ಒಪ್ಪಂದದ ದರದಂತೆ ಶೇ 25ರ ಕಡಿತ. ಪಾಲುದಾರಿಕೆಯ ಬದಲು ಭಾವನವರೇ ಅಲ್ಲಿ ಕಂಪನಿ ತೆರೆದು, ಇಲ್ಲಿನ ನಿಮ್ಮ ಸಂಸ್ಥೆಗೆ ಕೆಲಸದ ಗುತ್ತಿಗೆ ಕೊಡುವ ಏರ್ಪಾಟು ಇಬ್ಬರಿಗೂ ಸರಳವೆಂಬುದು ನಮ್ಮ ಅಭಿಪ್ರಾಯ. ಇಂಥ ವಿಚಾರವನ್ನು ಸಂಬಂಧಿಕರ ನಡುವೆ ಬಾಯಿಮಾತಿನಲ್ಲಿ ಬಿಡದೆ ಕಾಗದಕ್ಕೆ ಇಳಿಸಿಕೊಳ್ಳಿ.

ಪ್ರಶ್ನೆ: ನಿಜವಾದ ಮಾಲೀಕರ ಮಾಹಿತಿ ಸಲ್ಲಿಸದಿದ್ದರೆ ದಿನಕ್ಕಿಷ್ಟು ದಂಡ ಎಂದು ಬೆದರಿಸಿ, ಶುಲ್ಕ ಕೇಳುವ ಇಮೇಲ್ ಬಂದಿದೆ.
— ಓದುಗರು, ವಿಜಯನಗರ

ಉತ್ತರ: ಹಣ ಕಟ್ಟಬೇಡಿ. ಅಮೆರಿಕದಲ್ಲೇ ಸ್ಥಾಪನೆಯಾದ ಕಂಪನಿಗಳನ್ನು ಅಲ್ಲಿನ ಖಜಾನೆ ಇಲಾಖೆಯ ಫಿನ್‌ಸೆನ್ 2025ರ ಮಾರ್ಚ್‌ನಲ್ಲಿ ಈ ಹೊಣೆಯಿಂದ ಬಿಡುಗಡೆ ಮಾಡಿದೆ. ಹೊರದೇಶದಲ್ಲಿ ಸ್ಥಾಪನೆಯಾಗಿ ಅಮೆರಿಕದ ರಾಜ್ಯದಲ್ಲಿ ನೋಂದಾಯಿಸಿಕೊಂಡ ಕಂಪನಿಗಳಿಗೆ ಮಾತ್ರ ಅದು ಉಳಿದಿದೆ. ಸರ್ಕಾರವು ಈ ಮಾಹಿತಿ ಸಲ್ಲಿಸಲು ಎಂದೂ ಶುಲ್ಕ ಪಡೆದಿಲ್ಲ.

ಪ್ರಶ್ನೆ: ಮೂರು ವರ್ಷ ನಡೆಸಿದ ಎಲ್‌ಎಲ್‌ಸಿಯನ್ನು ಮುಚ್ಚಬೇಕೆಂದಿದ್ದೇನೆ. ವಾರ್ಷಿಕ ಶುಲ್ಕ ಕಟ್ಟದೆ ಬಿಟ್ಟರೆ ತಾನಾಗಿಯೇ ರದ್ದಾಗುತ್ತದೆ ಎನ್ನುತ್ತಾರೆ.
— ಓದುಗರು, ಬಸವನಗುಡಿ

ಉತ್ತರ: ರಾಜ್ಯದ ದಾಖಲೆಯಲ್ಲಿ ಹಾಗೆ ಆಗಬಹುದು, ಆದರೆ ಐಆರ್‌ಎಸ್‌ನ ಹೊಣೆಯೂ ರಿಸರ್ವ್ ಬ್ಯಾಂಕಿನ ಹೊಣೆಯೂ ಹಾಗೆಯೇ ಉಳಿಯುತ್ತವೆ. ಮೊದಲು ಸಾಲ ಬಾಕಿಗಳನ್ನು ತೀರಿಸಿ, ಉಳಿದ ಹಣವನ್ನು ಭಾರತದ ನಿಮ್ಮ ಖಾತೆಗೆ ತರಿಸಿಕೊಳ್ಳಿ. ನಿಮಗೆ ಸಲ್ಲಬೇಕಾದ ಹಣವನ್ನು 90 ದಿನಗಳೊಳಗೆ ಇಲ್ಲಿಗೆ ತರಬೇಕು, ಹಣ ಬಂದ 30 ದಿನಗಳೊಳಗೆ ಹೂಡಿಕೆ ಹಿಂತೆಗೆದ ವರದಿಯನ್ನು ಬ್ಯಾಂಕಿನ ಮೂಲಕ ಸಲ್ಲಿಸಬೇಕು. ಆಮೇಲೆ ರಾಜ್ಯಕ್ಕೆ ರದ್ದತಿ ಪತ್ರ. ಡೆಲವೇರ್ ಆದರೆ ಬಾಕಿ ವಾರ್ಷಿಕ ತೆರಿಗೆ ಕಟ್ಟಿದ ಹೊರತು ಅದನ್ನು ಸ್ವೀಕರಿಸುವುದಿಲ್ಲ. ಕಂಪನಿ ಮುಚ್ಚಿದ ವರ್ಷಕ್ಕೂ ನಮೂನೆ 5472 ಅನ್ನು, ಅಂತಿಮ ಎಂದು ಗುರುತು ಹಾಕಿದ 1120ರೊಂದಿಗೆ ಕಳಿಸಬೇಕು, ಏಕೆಂದರೆ ನೀವು ಹಿಂತೆಗೆದುಕೊಂಡ ಹಣವೂ ತೋರಿಸಬೇಕಾದ ವ್ಯವಹಾರವೇ. ಇಐಎನ್ ಖಾತೆ ಮುಚ್ಚುವಂತೆ ಐಆರ್‌ಎಸ್‌ಗೆ ಪತ್ರ ಬರೆಯಿರಿ. ಆ ಕ್ಯಾಲೆಂಡರ್ ವರ್ಷದ ಕೆಲವೇ ದಿನ ಕಂಪನಿ ನಿಮ್ಮದಾಗಿದ್ದರೂ ಷೆಡ್ಯೂಲ್ ಎಫ್‌ಎಯಲ್ಲಿ ಅದನ್ನು ತೋರಿಸಿ. ಕಂಪನಿಯ ಬ್ಯಾಂಕ್ ಖಾತೆಯನ್ನು ಇವೆಲ್ಲ ಮುಗಿದ ಬಳಿಕವೇ ಮುಚ್ಚಿ, ಮತ್ತು ಅದಕ್ಕೆ ಮುನ್ನ ಮೂರೂ ವರ್ಷಗಳ ಖಾತೆ ವಿವರಗಳನ್ನು ಇಳಿಸಿ ಇಟ್ಟುಕೊಳ್ಳಿ. ಖಾತೆ ಮುಚ್ಚಿದ ಮೇಲೆ ಅವುಗಳನ್ನು ಪಡೆಯುವುದು ಬಹಳ ಕಷ್ಟ, ಮತ್ತು ಎರಡೂ ದೇಶಗಳ ಅಧಿಕಾರಿಗಳು ಮೊದಲು ಕೇಳುವುದು ಅವನ್ನೇ.